ಸೊಣ್ಣಪ್ಪನವರ ಭಾನುವಾರಗಳು

ಸೊಣ್ಣಪ್ಪ ಮೇಷ್ಟ್ರು ಯೋಚನೆಗೆ ಬಿದ್ದರೆ ಅವರ ಬಲಗೈಯ ತೋರುಬೆರಳು ತಾನಾಗಿ ಮೇಲೆದ್ದು ಗಾಳಿಯಲ್ಲಿ ಸುತ್ತು ಹಾಕಲು ಶುರುಮಾಡುತ್ತಿತ್ತು. ಮೊದಲು ದೊಡ್ಡ ಸುತ್ತು, ಆಮೇಲೆ ಅದರೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು, ಕೊನೆಗೆ ಬೆರಳು ಒಂದೇ ಕಡೆ ನಿಂತು ಸಣ್ಣಗೆ ನಡುಗುತ್ತಿತ್ತು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಹೀಗೆ ಬೆರಳು ತಿರುಗಿಸುತ್ತಾ ಕೂತಿದ್ದಾಗ ಕಂಡಕ್ಟರು ಹತ್ತಿರ ಬಂದು, “ಏನ್ ಸಾರ್, ಗಾಡಿ ವಾಪಸ್ ತಿರುಗಿಸ್ಬೇಕಾ? ಏನಾದ್ರೂ ಮರ್ತು ಬಂದ್ರಾ?” ಎಂದು ಕೇಳಿದನಂತೆ. ಮೇಷ್ಟ್ರು ತಲೆಯನ್ನೂ ಎತ್ತದೆ, “ಇಲ್ಲಪ್ಪ, ಇನ್ನೇನು ಸಿಕ್ತು, ನೀನು ಓಡಿಸ್ತಾ ಇರು” ಎಂದರಂತೆ. ಬಸ್ಸು ಓಡಿಸುವವನು ಡ್ರೈವರು, ಕಂಡಕ್ಟರಲ್ಲ ಎನ್ನುವುದು ಅವರಿಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಈ ಕಥೆಯನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಆಗ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಅದನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮನೆ ಗೌರಿಬಿದನೂರಿನಲ್ಲಿ. ಚಿಂತಾಮಣಿಯಲ್ಲಿ ಚಿಕ್ಕಮ್ಮ ಇದ್ದಳೆಂದು ನನ್ನನ್ನು ಅಲ್ಲಿಗೆ ಬಿಎಸ್ಸಿಗೆ ಸೇರಿಸಿದರು. ಅಲ್ಲಿ ಸೊಣ್ಣಪ್ಪನವರು ಗಣಿತದ ಮೇಷ್ಟ್ರು. ಕುಳ್ಳು ಆಳು, ಬಿಳಿ ಷರಟಿನ ಬಲತೋಳಿಗೆ ಸದಾ ಸುಣ್ಣದ ಪುಡಿ, ಕಿವಿಯ ಮೇಲೆ ಒಂದು ತುಂಡು ಬಳಪ. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ತರಗತಿಗೆ ನುಗ್ಗಿದವರೇ “ಏಮಮ್ಮಾ, ಏನಪ್ಪಾ, ಎಲ್ಲಿಗೆ ನಿಲ್ಸಿದ್ವಿ?” ಎಂದು ಕೇಳಿ, ನಾವು ಬಾಯಿ ಬಿಡುವ ಮೊದಲೇ ಬೋರ್ಡಿನ ಮೇಲೆ ಕೈಯಿಟ್ಟುಬಿಡುತ್ತಿದ್ದರು.

ಅವರ ಜೀವವೆಲ್ಲ ಇದ್ದದ್ದು ಮೆಷರ್ ಥಿಯರಿ ಎನ್ನುವ ಅಳತೆಯ ಗಣಿತದ ಒಂದು ಮೂಲೆಯಲ್ಲಿ. ನಮ್ಮ ಸಿಲೆಬಸ್ಸಿನಲ್ಲಿ ಇಲ್ಲದಿದ್ದರೂ ಅದನ್ನು ಹೇಗಾದರೂ ಪಾಠದೊಳಗೆ ತೂರಿಸುತ್ತಿದ್ದರು. “ಮಳೆ ಬಂತು ಅಂತ ಇಟ್ಕಳಮ್ಮ. ತಾಲ್ಲೂಕಿಗೆಲ್ಲ ಸೇರಿ ಸರಾಸರಿ ಇಷ್ಟು ಅಂತ ಪೇಪರ್‌ನಲ್ಲಿ ಹಾಕ್ತಾರೆ. ನಿನ್ನ ಅಂಗಳದಲ್ಲಿ ಎಷ್ಟು ಬಿತ್ತು? ಪೇಪರ್‌ನೋರಿಗೆ ಏನು ಗೊತ್ತು? ಅದಕ್ಕೇ ಸುತ್ತು ಚಿಕ್ಕದು ಮಾಡು. ತಾಲ್ಲೂಕು ಬಿಟ್ಟು ಊರು, ಊರು ಬಿಟ್ಟು ಬೀದಿ, ಬೀದಿ ಬಿಟ್ಟು ಅಂಗಳ. ಪ್ರತಿ ಸಲಾನೂ ಸರಾಸರಿ ತೆಗಿ. ಕೊನೆಗೆ ನೀನು ನಿಂತಿರೋ ಜಾಗದ ನಿಜ ಸಿಗುತ್ತೆ.” ಎಲ್ಲೋ ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ ಜಾಗ ಬಿಟ್ಟು, ಮಿಕ್ಕ ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನುವುದು ಹಳೆಯ ಪ್ರಮೇಯ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅದರ ಬೆನ್ನಿಗೇ ಮ್ಯಾಕ್ಸಿಮಲ್ ಫಂಕ್ಷನ್ ಬರುತ್ತಿತ್ತು. ಮುರುಗಮಲ್ಲದ ದರ್ಗಾದಲ್ಲಿ ಜನ ಕಿಕ್ಕಿರಿದಿದ್ದಾರೆ, ನೀನು ಚಿಂತಾಮಣಿಯ ಖಾಲಿ ಬೀದಿಯಲ್ಲಿ ನಿಂತಿದ್ದೀಯ. ನಿನ್ನ ಸುತ್ತ ಎಲ್ಲ ಅಳತೆಯ ಸುತ್ತುಗಳನ್ನೂ ಹಾಕಿ ಜನಸಂದಣಿಯ ಸರಾಸರಿ ತೆಗೆದುಕೋ. ಚಿಕ್ಕ ಸುತ್ತಿನಲ್ಲಿ ಯಾರೂ ಇಲ್ಲ. ಮುರುಗಮಲ್ಲ ಮುಟ್ಟುವ ಸುತ್ತಿನಲ್ಲಿ ಸರಾಸರಿ ಏರುತ್ತದೆ. ಎಲ್ಲಕ್ಕಿಂತ ದೊಡ್ಡ ಸರಾಸರಿ ಯಾವುದೋ ಅದೇ ನಿನ್ನ ಮ್ಯಾಕ್ಸಿಮಲ್ ಫಂಕ್ಷನ್. “ಈ ದೊಡ್ಡ ನಂಬರು ಹದ್ದುಬಸ್ತಿನಲ್ಲಿದ್ರೆ ಚಿಕ್ಕ ಸುತ್ತುಗಳು ನಿಂಗೆ ಮೋಸ ಮಾಡಲ್ಲಮ್ಮ. ಇದು ಕೈ ಮೀರಿದ್ರೆ ಮಾತ್ರ ಸರ್ವನಾಶಮು” ಎನ್ನುತ್ತಿದ್ದರು.

ಸುತ್ತು ಚಿಕ್ಕದು ಮಾಡು ಎನ್ನುವುದು ಅವರ ಎಲ್ಲ ಕಾಯಿಲೆಗೂ ಮದ್ದು. ಯಾರು ಏನು ಗೊಣಗಿದರೂ ಅದೇ ಮಾತು. ಅವರ ಹೆಂಡತಿ ರತ್ನಮ್ಮನವರು ಕಾಫಿ ತಂದಿಡುತ್ತಾ, “ಮನೇಲಿ ಅಕ್ಕಿ ಮುಗ್ದದೆ ಅಂದ್ರೂ ಈ ಮನುಷ್ಯ ಸುತ್ತು ಚಿಕ್ಕದು ಮಾಡು ಅಂತಾರೆ ಕಣಮ್ಮ. ಚಿಕ್ಕದು ಮಾಡಿ ಮಾಡಿ ಈಗ ನಾವಿಬ್ರೇ ಉಳ್ಕೊಂಡಿದೀವಿ” ಎನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಒಂದು ಬೇಸಿಗೆ ರಜದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಮಟಮಟ ಮಧ್ಯಾಹ್ನ, ಗೌರಿಬಿದನೂರಿನ ನಮ್ಮ ಮನೆ ಬಾಗಿಲಲ್ಲಿ ಸೊಣ್ಣಪ್ಪನವರು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಅಪ್ಪ ಗಾಬರಿಯಾಗಿ, ಮಗಳು ಫೇಲಾಗಿರಬೇಕು ಎಂದುಕೊಂಡು ಕುರ್ಚಿ ಎಳೆದರು. ಮೇಷ್ಟ್ರು ಕೂರಲಿಲ್ಲ. “ಪದ್ದಮ್ಮನ್ನ ಕರೀರಿ. ಮಾರ್ಚಿನಲ್ಲಿ ಒಂದು ಸ್ಟೆಪ್ಪು ತಪ್ಪು ಹೇಳ್ಬಿಟ್ಟಿದೀನಿ. ಉತ್ತರ ಸರಿ ಬರುತ್ತೆ, ದಾರಿ ತಪ್ಪು. ಇವಳು ಹಾಗೇ ನಂಬ್ಕೊಂಡಿರ್ತಾಳೆ” ಎಂದರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಬಳಪ ತೆಗೆದು ನಮ್ಮ ಮನೆಯ ಕೆಂಪು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಸರಿಯಾದ ದಾರಿ ಬರೆದು ತೋರಿಸಿದರು. ಅಮ್ಮ ಮಜ್ಜಿಗೆ ಕೊಟ್ಟಳು. ಅವರು ಹೋದ ಮೇಲೆ ಅಪ್ಪ, “ಇಂಥ ಗುರು ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು ಕಣೇ” ಎಂದರು. ನಾನು ಆ ನೆಲವನ್ನು ಸಂಜೆಯವರೆಗೂ ಯಾರಿಗೂ ತುಳಿಯಲು ಬಿಡಲಿಲ್ಲ. ಕೈಯಲ್ಲಿ ಬಳಪ ಇರುವಾಗ ಈ ಮನುಷ್ಯನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಆವತ್ತು ಅಂದುಕೊಂಡೆ. ಅದು ನಿಜವೇ ಆಗಿತ್ತು. ಕೈಯಲ್ಲಿ ಕಾಫಿ ಲೋಟ ಇದ್ದಾಗಿನ ಕಥೆ ಬೇರೆ ಎನ್ನುವುದು ತಿಳಿಯಲು ವರ್ಷಗಳು ಬೇಕಾದವು.

ಎಂಎಸ್ಸಿ ಮುಗಿಸಿ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಹೆಸರಿಗೆ ಅತಿಥಿ, ಪ್ರತಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡಿಕೊಂಡು ಕೂರುವ ಪಾಡು. ಡಾಕ್ಟರೇಟ್ ಇದ್ದರೆ ಕಾಯಂ ಹುದ್ದೆಗೆ ದಾರಿ ಇತ್ತು. ಕೆಲಸ ಮಾಡುತ್ತಲೇ ಪಿಎಚ್‌ಡಿಗೆ ಹೆಸರು ನೋಂದಾಯಿಸಿಕೊಂಡೆ. ಬೆಂಗಳೂರಿನಲ್ಲಿದ್ದ ಗೈಡ್ ಒಳ್ಳೆಯವರೇ, ಆದರೆ ಅವರ ಕ್ಷೇತ್ರ ಬೇರೆ, ಸಹಿಗಷ್ಟೇ ಸಿಗುತ್ತಿದ್ದರು. ನಿಜವಾದ ಗೈಡ್ ಸೊಣ್ಣಪ್ಪನವರೇ. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಅವರಿಗೆ ಡಾಕ್ಟರೇಟ್ ಇರಲಿಲ್ಲ, ಅದಕ್ಕಾಗಿ ಕೊರಗಿದ್ದನ್ನೂ ನಾನು ನೋಡಲಿಲ್ಲ.

ನನ್ನ ಸಮಸ್ಯೆ ನನಗೆ ಸಿಕ್ಕಿದ್ದು ಬಸ್ಸಿನ ಕಿಟಕಿಯಲ್ಲಿ. ಶಿಡ್ಲಘಟ್ಟ ದಾಟಿದ ಮೇಲೆ ಹಿಪ್ಪುನೇರಳೆ ತೋಟಗಳು. ಸಾಲುಗಳು ನೆಲದ ಇಳಿಜಾರಿಗೆ ತಕ್ಕಂತೆ ನಿಧಾನವಾಗಿ ಬಾಗುತ್ತಾ ಹೋಗುತ್ತವೆ. ಒಂದು ಗಿಡದ ಬಳಿ ನಿಂತು, ಅಲ್ಲಿ ಸಾಲು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ನೇರವಾಗಿ ಸ್ವಲ್ಪ ದೂರ ನಡೆದು, ಆ ದಾರಿಗೆ ಬಿದ್ದ ಮಳೆಯ ಸರಾಸರಿ ತೆಗೆದರೆ? ನಡಿಗೆಯನ್ನು ಕುಗ್ಗಿಸುತ್ತಾ ಹೋದರೆ ಆ ಗಿಡದ ನಿಜ ಸಿಗುತ್ತದೆಯೇ? ಸಾಲು ಬಾಗುತ್ತದೆ, ನಾವು ನಡೆಯುವುದು ನೇರ. ಹಾಗಾಗಿ ಪಕ್ಕದ ಸಾಲುಗಳಿಗೆ ನುಗ್ಗುತ್ತೇವೆ, ಬೇರೆ ಬೇರೆ ಗಿಡಗಳಿಂದ ಹೊರಟ ನಡಿಗೆಗಳು ಒಂದನ್ನೊಂದು ಕತ್ತರಿಸುತ್ತವೆ. ತೊಡಕೆಲ್ಲ ಅಲ್ಲೇ. ಸಾಲು ಎಷ್ಟು ನಿಧಾನಕ್ಕೆ ಬಾಗಿದರೆ ಸಾಕು ಎಂದು ನಾನೊಂದು ಷರತ್ತು ಹಾಕಿಕೊಂಡೆ. ಆ ಷರತ್ತು ಸಾಕೇ ಸಾಲದೇ ಎಂದು ಯಾರೂ ಬರೆದಿರಲಿಲ್ಲ.

ಹೇಳಿದಾಗ ಮೇಷ್ಟ್ರ ಬೆರಳು ಎಷ್ಟೋ ಹೊತ್ತು ಗಾಳಿಯಲ್ಲೇ ಇತ್ತು. “ಪದ್ದಮ್ಮಾ, ಇದು ಪುಸ್ತಕದಲ್ಲಿರೋದಲ್ಲ. ನಿಂದೇ. ಭಾನುವಾರ ಭಾನುವಾರ ಬಾ, ಕೂತ್ಕೊಳಣ” ಎಂದರು. ಹಾಗೆ ಭಾನುವಾರಗಳು ಶುರುವಾದವು. ಬೆಳಿಗ್ಗೆ ಬಸ್ಸು ಹಿಡಿದರೆ ಹತ್ತರೊಳಗೆ ಚಿಂತಾಮಣಿ. ರತ್ನಮ್ಮನವರ ಉಪ್ಪಿಟ್ಟು, ಆಮೇಲೆ ಊಟದವರೆಗೂ ಲೆಕ್ಕ, ಊಟವಾದ ಮೇಲೆ ಮತ್ತೆ ಲೆಕ್ಕ. ನಾನು ಬರೆದು ತಂದದ್ದನ್ನು ಅವರು ಸಾಲು ಸಾಲಾಗಿ ಓದುತ್ತಿದ್ದರು. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತಿತ್ತು. “ಈ ಮೂಲೆ ಒಂಚೂರು ನೋಡಮ್ಮ.” ಅಷ್ಟೇ. ನಾನು ವಾರವೆಲ್ಲ ಆ ಮೂಲೆ ನೋಡುತ್ತಿದ್ದೆ. ಒಂದು ಮೂಲೆ ಮುಚ್ಚಿದರೆ ಮುಂದಿನ ವಾರ ಇನ್ನೊಂದು. ಗೌರಿಬಿದನೂರಿಗೆ ಹೋಗುವುದನ್ನೇ ಬಿಟ್ಟೆ. ಅಮ್ಮ ಫೋನಿನಲ್ಲಿ, “ಭಾನುವಾರ ಆದ್ರೂ ಬಾರೇ, ನಿನ್ನ ಮುಖ ಮರ್ತೇ ಬಿಡ್ತೀವಿ” ಎಂದರೆ, ಇದೊಂದು ಆಗಿಬಿಡಲಿ ಅಮ್ಮ ಎನ್ನುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಗೈಡ್ ನನ್ನನ್ನು ಕರೆಸಿದರು. “ಇದು ಮುಗಿಯೋ ಹಾಗೆ ಕಾಣ್ತಿಲ್ಲ. ನನ್ನ ಹತ್ರ ಒಂದು ಸಣ್ಣ ಪ್ರಾಬ್ಲಂ ಇದೆ. ಒಂದು ವರ್ಷದಲ್ಲಿ ಆಗುತ್ತೆ. ಬೇಕಾ ಬೇಡ್ವಾ ಈ ತಿಂಗಳು ಹೇಳಿ” ಎಂದರು. ನಾನು ನೇರ ಚಿಂತಾಮಣಿಗೆ ಹೋದೆ. ಮೇಷ್ಟ್ರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಪೂರ್ತಿ ವಿಷಯ ಬಿಡಿಸಿ ಹೇಳಿದೆ. “ಸಾರ್, ನನಗೆ ಇನ್ನೂ ಟೈಮಿದೆ. ನಮ್ಮ ಲೆಕ್ಕ ಸುಳ್ಳಿರಬಹುದು ಅಂತ ನಿಮಗೆ ಒಂಚೂರು ಅನುಮಾನ ಇದ್ರೂ ಈಗ್ಲೇ ಹೇಳ್ಬಿಡಿ. ನಾನು ಅದನ್ನ ತಗೋತೀನಿ” ಎಂದೆ. ಅವರು ಲೋಟದೊಳಗೆ ನೋಡಿದರು. ಬೆರಳು ಮೇಲೇಳಲಿಲ್ಲ.

“ನಿಜಾನೇ ಇರ್ಬೇಕು ಕಣಮ್ಮ” ಎಂದರು. “ಬಿಡಬೇಡ.”

ನಾನು ಬಿಡಲಿಲ್ಲ. ಗೈಡಿಗೆ ಬೇಡ ಎಂದೆ. ಆ ಸಣ್ಣ ಸಮಸ್ಯೆ ನನ್ನ ಜೊತೆಯವಳೊಬ್ಬಳಿಗೆ ಹೋಯಿತು. ಗೈಡ್ ಹೇಳಿದ ಹಾಗೆ ಅವಳು ಒಂದೇ ವರ್ಷದಲ್ಲಿ ಮುಗಿಸಿದಳು.

ಮೂರನೆಯ ವರ್ಷವೂ ಹೋಯಿತು. ನಾಲ್ಕನೆಯ ವರ್ಷ ನಮ್ಮ ಕಾಲೇಜಿನ ಗಣಿತ ಸಂಘದ ಕಾರ್ಯಕ್ರಮಕ್ಕೆ ಯಾರನ್ನು ಕರೆಯುವುದು ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನೇ ಸೊಣ್ಣಪ್ಪನವರ ಹೆಸರು ಹೇಳಿದೆ. ಶಾಲು ತಂದೆ. ಬೆಳಿಗ್ಗೆ ಬೇಗ ಎದ್ದು ಮಾರುಕಟ್ಟೆಗೆ ಹೋಗಿ, ಉದ್ದ ದಂಟಿನ ಗ್ಲಾಡಿಯೋಲಸ್ ಹೂಗಳನ್ನು ಒಂದೊಂದಾಗಿ ಆರಿಸಿ ಹೂಗುಚ್ಛ ಕಟ್ಟಿಸಿದೆ. ಮೇಷ್ಟ್ರು ಒಗೆದು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದರು. ಮಳೆ, ಅಂಗಳ, ಮುರುಗಮಲ್ಲ ಎಲ್ಲವನ್ನೂ ಹೇಳಿದರು. ಮಕ್ಕಳು ಮೈಮರೆತು ಕೇಳಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಕೊನೆಯಲ್ಲಿ ನವ್ಯ ಎನ್ನುವ ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ನನ್ನ ಸಮಸ್ಯೆಯನ್ನು ನಾನೇ ಕೊಚ್ಚಿಕೊಂಡಿದ್ದೆ, ಅದನ್ನು ಚೆನ್ನಾಗಿ ತಲೆಗೆ ಹಾಕಿಕೊಂಡಿದ್ದಳು. “ಸರ್, ಪದ್ಮಾ ಮ್ಯಾಮ್ ಹೇಳಿದ್ರು, ಹಿಪ್ಪುನೇರಳೆ ಸಾಲಿನ ಥರ ಡೈರೆಕ್ಷನ್ ಸ್ಲೋ ಆಗಿ ಚೇಂಜ್ ಆದ್ರೆ ಅಂತ. ಅವಾಗ್ಲೂ ಆವರೇಜ್ ಕರೆಕ್ಟಾಗಿ ಬರುತ್ತಾ ಸರ್?” ಎಂದು ಕೇಳಿ, ನನ್ನ ಷರತ್ತನ್ನೂ ಚಾಚೂ ತಪ್ಪದೆ ಹೇಳಿದಳು.

ಸೊಣ್ಣಪ್ಪನವರ ಕೈಯಲ್ಲಿ ಬಳಪ ಇತ್ತು. ಅವರು ನನ್ನತ್ತ ನೋಡಿದರು. ಇನ್ನೂ ಉತ್ತರ ಸಿಕ್ಕಿಲ್ಲಮ್ಮ ಎಂದು ಹೇಳಿ ಕೂರಬಹುದಿತ್ತು. ಅಷ್ಟು ಹೇಳಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಳಪವನ್ನು ಕೆಳಗಿಡಲು ನೋಡಿದರು ಎಂದು ಈಗಲೂ ನನಗೆ ಅನಿಸುತ್ತದೆ. ಇಡಲಿಲ್ಲ.

“ಬರಲ್ಲಮ್ಮ” ಎಂದರು. “ಆ ಷರತ್ತು ಸಾಲದು.”

ತಿರುಗಿ ಬೋರ್ಡಿನ ಮೇಲೆ ಬರೆಯತೊಡಗಿದರು. ನಡುವೆ ಮೇಜಿನ ಮೇಲಿದ್ದ ಹೂಗುಚ್ಛ ಎತ್ತಿಕೊಂಡರು. ದಂಟುಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮೇಲೆ ಹೂಗಳನ್ನು ಹರಡಿದರು. “ನೋಡಿ, ಮೇಲೆ ಎಷ್ಟು ಅಗಲ, ಕೆಳಗೆ ಒಂದು ಹಿಡಿ. ಒಂದೊಂದು ಹೂವೂ ಒಂದೊಂದು ಗಿಡ ಅಂತ ತಿಳ್ಕಳಿ, ದಂಟು ಅದರ ನಡಿಗೆ. ಎಲ್ಲ ನಡಿಗೇನೂ ಬಂದು ಈ ಹಿಡಿಯೊಳಗೇ ತೂರುತ್ತೆ. ಈ ಹಿಡಿಯಲ್ಲಿ ಮಾತ್ರ ಮಳೆ ಸುರೀಲಿ, ಮಿಕ್ಕ ಕಡೆ ಒಂದು ಹನೀನೂ ಬೇಡ. ಆಗ ಏನಾಯ್ತು? ಒಣಗಿದ ಗಿಡ ಎಲ್ಲಾ ನನ್ನ ಸರಾಸರಿ ಚೆನ್ನಾಗೈತೆ ಅಂತ ಸುಳ್ಳು ಲೆಕ್ಕ ಹೇಳ್ತವೆ. ನಡಿಗೆ ಗಿಡ್ಡ ಮಾಡಿದ್ರೆ ಸರಿ ಹೋಗುತ್ತೆ ಅಂತೀರಾ? ಇಂಥ ಗುಚ್ಛಾನ ಚಿಕ್ಕದು ಮಾಡಿ ಮಾಡಿ ತೋಟದ ಉದ್ದಗಲಕ್ಕೂ ತುಂಬಬಹುದು. ಅದಕ್ಕೆ ಈ ಷರತ್ತು ಅಡ್ಡ ಬರಲ್ಲ.” ಆಮೇಲೆ ಅದು ಯಾಕೆ ಅಡ್ಡ ಬರುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದರು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಒರೆಸಲಿಲ್ಲ. ಹೊಸದಾಗಿ ಹೊಳೆದದ್ದನ್ನು ಅವರು ಹೇಗೆ ಬರೆಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು, ನಾಲ್ಕು ಸಲ ಒರೆಸುತ್ತಾರೆ. ಇದು ಎಷ್ಟೋ ಸಲ ಬರೆದು ಕೈಗೆ ರೂಢಿಯಾಗಿದ್ದ ಲೆಕ್ಕ. ನಾನು ಆರಿಸಿ ತಂದ ಹೂಗಳಲ್ಲಿ ನನ್ನ ನಾಲ್ಕು ವರ್ಷವನ್ನು ಹಿಡಿದು ತೋರಿಸುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಕಾರಿಡಾರಿನಲ್ಲಿ ಅವರನ್ನು ನಿಲ್ಲಿಸಿದೆ. “ಯಾವಾಗ ಗೊತ್ತಾಯ್ತು ಸಾರ್?”

“ಮೊದಲ್ನೇ ವರ್ಷಾನೇ ಕಣಮ್ಮ. ಮಾಗಿ ಚಳಿಯಾಗೆ.”

“ಗೈಡು ಬೇರೆ ಪ್ರಾಬ್ಲಂ ಕೊಡ್ತೀನಿ ಅಂದಾಗ್ಲೂ ಗೊತ್ತಿತ್ತು?”

ಅವರು ಶಾಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಹೇಳಣ ಹೇಳಣ ಅಂತಿದ್ದೆ. ಹೇಳಿದ್ರೆ ಭಾನುವಾರ ನೀನು ಬರ್ತಿದ್ಯಾ ಪದ್ದಮ್ಮಾ? ಈ ಊರಲ್ಲಿ ನನ್ನ ಹತ್ರ ಈ ಮಾತಾಡೋರು ಯಾರಿದಾರೆ? ರಿಟೈರ್ ಆದ್ಮೇಲೆ ಗೋಡೆ ಜೊತೆ ಮಾತಾಡ್ತಿದ್ದೆ. ನೀನು ಬಂದೆ.”

ಕಳ್ಳತನ ಮಾಡಿದ್ದರೆ ಬೈಯಬಹುದಿತ್ತು. ನನ್ನ ಕೆಲಸವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರೆ ಹತ್ತು ಜನರ ಮುಂದೆ ಎಳೆಯಬಹುದಿತ್ತು. ಇದಕ್ಕೆ ಏನೆನ್ನಬೇಕು? ನನ್ನ ಒಂದೊಂದು ಭಾನುವಾರವನ್ನೂ ತೆಗೆದುಕೊಂಡು ತಮ್ಮ ಒಂಟಿತನಕ್ಕೆ ತೇಪೆ ಹಾಕಿಕೊಂಡಿದ್ದರು. ಇಲ್ಲದ ಬಾಗಿಲಿಗೆ ನನ್ನಿಂದ ಬೀಗದ ಕೈ ಮಾಡಿಸಿದ್ದರು. ಈ ಮೂಲೆ ನೋಡು, ಆ ಮೂಲೆ ನೋಡು ಎನ್ನುವಾಗಲೆಲ್ಲ ಅವರಿಗೆ ಗೊತ್ತಿತ್ತು. ಬರೀ ಒಂದು ತಪ್ಪು ಸ್ಟೆಪ್ಪಿಗಾಗಿ ಬಿಸಿಲಲ್ಲಿ ಬಸ್ಸು ಹತ್ತಿ ಬಂದ ಮನುಷ್ಯ ಇವರೇನಾ ಎಂದು ಅವರ ಮುಖ ನೋಡಿದೆ. “ಇನ್ನು ನಾನು ಬರಲ್ಲ ಸಾರ್” ಎಂದೆ. ಅವರು ತಲೆ ಆಡಿಸಿದರು, ಹೂಗುಚ್ಛವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದರು.

ಇನ್ನೂ ಉರಿಯುವ ಮಾತೊಂದಿದೆ. ಗಣಿತದಲ್ಲಿ ಒಂದು ಮಾತು ಸುಳ್ಳೆಂದು ತೋರಿಸಿದರೂ ಅದು ಕೆಲಸವೇ. ಮೊದಲ ವರ್ಷವೇ ಹೇಳಿದ್ದರೆ ಅದು ಸುಳ್ಳೆನ್ನುವುದನ್ನೇ ಬರೆದು ನಾನು ಡಾಕ್ಟರೇಟ್ ಪಡೆಯಬಹುದಿತ್ತು. ಈಗಲಾದರೂ ಬರೆಯೋಣ ಎಂದು ಸಿಟ್ಟಿನಲ್ಲೇ ಕೂತು ಹುಡುಕಿದಾಗ, ದೂರದ ಯಾವುದೋ ದೇಶದ ಇಬ್ಬರು ಅದನ್ನು ಹಿಂದಿನ ಬೇಸಿಗೆಯಲ್ಲೇ ಪ್ರಕಟಿಸಿದ್ದು ಕಾಣಿಸಿತು. ಆ ಚೈತ್ರದಲ್ಲಿ ನನ್ನ ನೋಂದಣಿಯ ಅವಧಿಯೂ ಮುಗಿಯಿತು. ಗೈಡ್ ಫೋನಿನಲ್ಲಿ, “ನಾನು ಅವತ್ತೇ ಹೇಳಿದ್ದೆ” ಎಂದರು. ಹೌದು, ಹೇಳಿದ್ದರು.

ಆಮೇಲೆ ಸೊಣ್ಣಪ್ಪನವರನ್ನು ನಾನು ನೋಡಿದ್ದು ಒಂದೇ ಸಲ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ. ನಾನು ಗೌರಿಬಿದನೂರಿನ ಬಸ್ಸಿಗೆ ನಿಂತಿದ್ದೆ. ಷರಟು ಭುಜದಿಂದ ಜಾರುವಷ್ಟು ಇಳಿದುಹೋಗಿದ್ದರು. ಆಸ್ಪತ್ರೆಗೆ ಬಂದಿದ್ದರಂತೆ. ರತ್ನಮ್ಮನವರು ಔಷಧಿ ಅಂಗಡಿಯ ಮುಂದೆ ನಿಂತಿದ್ದರು. ನನ್ನನ್ನು ಕಂಡವರೇ, ಹೇಗಿದ್ದೀಯ ಎಂದೂ ಕೇಳದೆ, ಜನರನ್ನು ತಳ್ಳಿಕೊಂಡು ಬಂದರು.

“ಪದ್ದಮ್ಮಾ, ಸಿಕ್ತು. ನಿನ್ನ ಷರತ್ತು ಒಂದೇ ಒಂದು ಎಳೆ ಬಿಗಿ ಮಾಡು. ಆಗ ನಿಜ ಆಗುತ್ತೆ. ಆ ಹೊರದೇಶದೋರ ಕೈಗೂ ಸಿಕ್ಕಿಲ್ಲ. ನೀನು ಎರಡನೇ ವರ್ಷ ಮಾಡಿದ್ಯಲ್ಲ, ಆ ನಡಿಗೆಗಳನ್ನ ಗುಂಪು ಮಾಡೋದು, ಅದೇ ಕೀಲಿ. ಅದು ವೇಸ್ಟ್ ಆಗಿಲ್ಲಮ್ಮ. ಮತ್ತೆ ಹೆಸರು ನೋಂದಾಯಿಸ್ಕೋ. ಒಂದೇ ಒಂದು ಭಾನುವಾರ ಬಾ, ಪೂರ್ತಿ ಬರ್ದು ಕೊಡ್ತೀನಿ.”

ಭಾನುವಾರ ಎನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ನಿಮ್ಮ ಮಾತು ಹೇಗೆ ನಂಬ್ಲಿ ಸಾರ್?” ಎಂದೆ.

“ನನ್ನ ನಂಬಬೇಡ. ಲೆಕ್ಕ ನೋಡು” ಎಂದು ಜೇಬು ತಡಕಿದರು. ಬಳಪ ಇರಲಿಲ್ಲ. ಕಿವಿಯ ಮೇಲೆ ಕೈ ಹಾಕಿದರು. ಅಲ್ಲೂ ಇರಲಿಲ್ಲ. ನನ್ನ ಬಸ್ಸು ಬಂತು. ಹತ್ತಿದೆ. ಅವರು ಕಿಟಕಿಯ ಕೆಳಗೆ ನಿಂತು ಗಾಜಿನ ಧೂಳಿನ ಮೇಲೆ ಬೆರಳಲ್ಲಿ ಏನೋ ಬರೆಯಲು ಹೊರಟರು. ಬಸ್ಸು ಹೊರಟಿತು.

ಆಷಾಢದಲ್ಲಿ ಹೋದರು ಎಂದು ರತ್ನಮ್ಮನವರು ಫೋನು ಮಾಡಿದರು. ನಾನು ಹೋಗಿ ಬಂದೆ. ಸಾವಿನ ಮನೆಯಲ್ಲಿ ಲೆಕ್ಕದ ಮಾತು ಎತ್ತಲಿಲ್ಲ.

ಈಗ ಷರತ್ತನ್ನು ಒಂದು ಎಳೆ ಬಿಗಿ ಮಾಡಿ ಕೂರುತ್ತೇನೆ. ನನ್ನದೇ ಹಳೆಯ ಗುಂಪು ಮಾಡುವ ಉಪಾಯವನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ. ಕೆಲವು ದಿನ ಇನ್ನೇನು ಆಯಿತು ಎನಿಸುತ್ತದೆ, ಮರುದಿನ ಎಲ್ಲೋ ಒಂದು ಮೂಲೆ ತೆರೆದುಕೊಂಡಿರುತ್ತದೆ. ಅವರು ಹೇಳಿದ್ದು ನಿಜವೋ, ಸಾಯುವ ಮುಂಚೆ ಇನ್ನೊಂದು ಭಾನುವಾರಕ್ಕೆ ನನ್ನನ್ನು ಕರೆಸಿಕೊಳ್ಳುವ ಹೂಟವೋ, ಹೇಳುವವರು ಯಾರೂ ಉಳಿದಿಲ್ಲ. ಸುಳ್ಳಾದರೆ ಸತ್ತ ಮೇಲೂ ನನ್ನ ಭಾನುವಾರಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ನಿಜವಾದರೆ, ನಿಜ ಹೇಳಿದ ದಿನವೂ ನಾನು ನಂಬಲಾಗದ ಹಾಗೆ ಮೊದಲೇ ಮಾಡಿಟ್ಟಿದ್ದರು.